ಸಾಗಿ ಬಂದ ಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮದುವೆಯಾದ ಮೇಲೆ ಹೆಣ್ಣು ಮನೆ ಬದಲಿಸಬೇಕು, ಕಟ್ಟಿದ ಮನೆ ಮಾತ್ರ ಇದ್ದಲ್ಲಿಯೇ ಇರಬೇಕು ಎಂಬ ತಿಳುವಳಿಕೆಯೂ ಆ ಗಾದೆಯೊಳಗೆ ಸೇರಿಕೊಂಡಿದೆ. ಹಾಗಾದರೆ ಮನೆಯೇ ಎದ್ದು ಇನ್ನೊಂದು ಜಾಗಕ್ಕೆ ಹೊರಟರೆ? ತಮಾಷೆಗೆ ಕೇಳುತ್ತಿದ್ದೇನೆಂದು ತಿಳಿಯಬೇಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಇದು ಐವತ್ತು ವರ್ಷಗಳಿಂದ ಮನೆಮಾತು. ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಕೆಲವು ಊರುಗಳು ಎದ್ದುಹೋದವು. ಹೊಳೆ ಉಕ್ಕಿ ಬಂದಾಗ ಇನ್ನಷ್ಟು ಊರುಗಳಿಗೆ ಏಳಿರೆಂದು ಹೇಳಿದರು. ಅತ್ತ ಅರಬ್ಬಿ ಸಮುದ್ರದ ಸಮೀಪ ಮಣಿಪಾಲದಲ್ಲಿ ನಮ್ಮ ನೆರೆಯ ಮುಧೋಳದ ಅರಮನೆಯ ದರ್ಬಾರ್ ಹಾಲ್ ಕಂಬ ತೊಲೆಗಳ ಸಮೇತ ಹೋಗಿ ನಿಂತಿದೆ. ಅದನ್ನು ಜನ ಟಿಕೀಟು ತೆಗೆದು ನೋಡುತ್ತಾರೆ.

ವಸ್ತುಸಂಗ್ರಹಾಲಯದ ಬಗ್ಗೆ ಬರೆಯುವವರು ಮುಳುಗಡೆಯ ಸುದ್ದಿಗೆ ಹೋಗುವುದಿಲ್ಲ. ಮುಳುಗಡೆಯ ಬಗ್ಗೆ ಬರೆಯುವವರಿಗೆ ಸಂಗ್ರಹಾಲಯ ಶ್ರೀಮಂತರ ಹವ್ಯಾಸವಾಗಿ ಕಾಣುತ್ತದೆ. ನನಗೆ ಮಾತ್ರ ಎರಡೂ ಒಂದೇ ಕೆಲಸದ ಎರಡು ಮಾದರಿಗಳಾಗಿ ಕಾಣುತ್ತವೆ. ಎರಡರಲ್ಲಿಯೂ ಒಂದು ಮನೆಯನ್ನು ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಒಯ್ಯುತ್ತಾರೆ. ಎರಡರಲ್ಲಿಯೂ ಯಾರೋ ಒಬ್ಬರು ಕುಳಿತು, ಇದನ್ನು ಒಯ್ಯೋಣ, ಇದನ್ನು ಬಿಡೋಣ ಎಂದು ಆರಿಸುತ್ತಾರೆ. ಹೀಗೆ ಆರಿಸುವಾಗ ಆ ಮನೆಯಲ್ಲಿ ದಿನಾಲು ದುಡಿದ ಹೆಂಗಸನ್ನು ಯಾರಾದರೂ ಕೇಳಿದರೇ? ಸಾಗಿ ಬಂದ ಮನೆಗಳನ್ನು ನಾನು ಇದೇ ಅಳತೆಗೋಲಿನಿಂದ ಅಳೆಯುತ್ತೇನೆ.

ಮೊದಲು, ಮನೆಯನ್ನು ಸಾಗಿಸುವುದು ಹೇಗೆ ಎಂಬುದನ್ನು ನೋಡೋಣ. ಒಂದು ದಾರಿ ಇಡೀ ಮನೆಯನ್ನು ಎತ್ತುವುದು. ಗೋಡೆಯನ್ನು ಬುನಾದಿಯ ಮಟ್ಟದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ, ಕೆಳಗೆ ಕಬ್ಬಿಣದ ತೊಲೆ ಸೇರಿಸಿ, ಸಾಲಾಗಿ ಜ್ಯಾಕುಗಳನ್ನು ಇಟ್ಟು, ಎಲ್ಲವನ್ನೂ ಒಂದೇ ಸಮನಾಗಿ ತಿರುಗಿಸುತ್ತಾರೆ. ಮನೆ ಮೇಲೆದ್ದ ಮೇಲೆ ಉರುಳೆಗಳ ಮೇಲೆ ಮೆಲ್ಲಗೆ ಸರಿಸುತ್ತಾರೆ. ಹರಿಯಾಣದ ಕಡೆಯ ತಂಡಗಳು ಈ ಕೆಲಸಕ್ಕೆ ಹೆಸರಾಗಿವೆ. ದೇಶದ ಬೇರೆ ಬೇರೆ ಊರುಗಳಿಗೆ ಹೋಗಿ ಮಾಡಿಕೊಟ್ಟು ಬರುತ್ತವೆ. ಆದರೆ ಇದು ಇಟ್ಟಿಗೆ, ಸಿಮೆಂಟಿನ ಮನೆಗಳಿಗೆ ಒಪ್ಪುವ ವಿದ್ಯೆ, ಅದೂ ಸಮೀಪದ ಜಾಗಕ್ಕೆ. ನಮ್ಮ ಕಡೆಯ ಮಣ್ಣಿನ ಗೋಡೆಗೆ ಜ್ಯಾಕು ಹಚ್ಚಿದರೆ ಗೋಡೆ ಅಲ್ಲಿಯೇ ಕುಸಿದು ಕೂಡುತ್ತದೆ.

ಇನ್ನೊಂದು ದಾರಿ ಬಿಚ್ಚಿ ಒಯ್ಯುವುದು. ಮನೆಯನ್ನು ಅಳೆದು ನಕಾಶೆ ಬರೆದು, ಪ್ರತಿಯೊಂದು ಕಂಬ, ತೊಲೆ, ಜಂತಿ, ಬಾಗಿಲು, ಕಿಟಕಿಗೆ ಗುರುತು ಹಾಕಿ, ಮೇಲಿನಿಂದ ಕೆಳಗೆ ಒಂದೊಂದಾಗಿ ಇಳಿಸಿ, ಹೊಸ ಜಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಅದೇ ಕ್ರಮದಲ್ಲಿ ಕೂಡಿಸುವುದು. ಹಳೆಯ ಮನೆಗಳಿಗೆ ಈ ದಾರಿ ಹೊಂದುತ್ತದೆ. ಯಾಕೆಂದರೆ ಅಲ್ಲಿ ಭಾರ ಹೊರುವುದು ಹೆಚ್ಚಾಗಿ ಕಟ್ಟಿಗೆ. ನುರಿತ ಬಡಿಗ ಬೆಣೆ ಹೊಡೆದು ಕೂಡಿಸಿದ ಕೀಲನ್ನು ನುರಿತ ಬಡಿಗನೇ ಬಿಡಿಸಬಲ್ಲ.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಈ ಎರಡನೆಯ ದಾರಿಯಿಂದ ಎದ್ದದ್ದು. ಇದರ ಹಿಂದೆ ಇದ್ದವರು ವಿಜಯನಾಥ ಶೆಣೈ. ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡಿದ್ದವರು. ಹಳೆಯ ಮನೆಗಳನ್ನು ಕೆಡವಿ ಕಂಬ, ಬಾಗಿಲುಗಳನ್ನು ಕಟ್ಟಿಗೆಯ ಬೆಲೆಗೆ ಮಾರುತ್ತಿದ್ದುದನ್ನು ನೋಡಿ ಸಂಕಟಪಟ್ಟು, ಮೊದಲು ಅಂಥ ಸಾಮಾನಿನಿಂದ ತಮ್ಮ ಮನೆಯನ್ನೇ ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸತೊಡಗಿದರು. ಕರಾವಳಿಯ ಕುಂಜೂರು ಚೌಕಿಮನೆ, ಮಿಯಾರಿನ ಮನೆ, ಭಟ್ಕಳದ ನವಾಯತರ ಮನೆ, ಮಂಗಳೂರಿನ ಕ್ರೈಸ್ತರ ಮನೆ ಅಲ್ಲಿವೆ. ನಮ್ಮ ಉತ್ತರದ ಕಡೆಯಿಂದ ಹೋದದ್ದೂ ಕಡಿಮೆಯಲ್ಲ. ಕುಕನೂರಿನ ಕಮಲ ಮಹಲ್, ಬೀದರ ಸೀಮೆಯ ನವಾಬರ ಮಹಲ್, ಮುಧೋಳದ ದರ್ಬಾರ್ ಹಾಲ್ ಅಲ್ಲಿವೆ. ಒಂದು ಹಳೆಯ ಪೇಟೆ ಬೀದಿಯನ್ನೂ ಮಾಡಿಟ್ಟಿದ್ದಾರೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಸರಕಾರವೊಂದು ಮಾಡಬೇಕಾದಷ್ಟು ಕೆಲಸವನ್ನು ಒಬ್ಬ ಮನುಷ್ಯನ ಹಟ ಮಾಡಿಸಿತು.

ನಮ್ಮ ಮಹಿಳಾ ಮಂಡಳದವರು ಉಡುಪಿಗೆ ಹೋದಾಗ ಅದನ್ನು ನೋಡಿ ಬಂದೆವು. ಕಮಲ ಮಹಲಿನ ಕಟ್ಟಿಗೆಯ ಕೆಲಸದ ಮುಂದೆ ನಿಂತಾಗ ಮಾತೇ ಹೊರಡಲಿಲ್ಲ. ಕುಕನೂರು ನಮಗೇನು ದೂರದ ಊರಲ್ಲ. ಆದರೂ ಅಲ್ಲಿ ಹೀಗೊಂದು ಮನೆ ಇತ್ತೆಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುಡ್ಡ ದಾಟಿ ಸಮುದ್ರದ ಕಡೆಗೆ ಹೋದ ಮೇಲೆ ನಮ್ಮದೇ ಸೀಮೆಯ ಮನೆ ನಮಗೆ ಕಂಡಿತು. ಇದು ಆ ಸಂಗ್ರಹಾಲಯದ ದೊಡ್ಡ ಗುಣ. ಇಷ್ಟನ್ನು ಒಪ್ಪಿಕೊಳ್ಳದೆ ಅದರ ಮೇಲೆ ಟೀಕೆ ಮಾಡುವವರು ಕೃತಘ್ನರು. ಅಲ್ಲಿ ಬಂದು ನಿಲ್ಲದೆ ಹೋಗಿದ್ದರೆ ಆ ಕಂಬಗಳು ದೊಡ್ಡ ಪಟ್ಟಣದ ಯಾವುದೋ ಹೋಟೆಲಿನ ಮೂಲೆ ಸೇರುತ್ತಿದ್ದವು. ಇಲ್ಲವೆ ಒಲೆಯ ಪಾಲಾಗುತ್ತಿದ್ದವು.

ಆದರೆ ಮುಧೋಳದ ಹಾಲಿನಲ್ಲಿ ನಮ್ಮ ಜೊತೆಗಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಸುತ್ತ ನೋಡಿ, "ಚಂದ ಐತಿ ಖರೆ. ಆದ್ರ ಯವ್ವಾ, ಇಲ್ಲಿ ಕುಂತವರಿಗೆ ರೊಟ್ಟಿ ಬಡಿದವರು ಎಲ್ಲಿದ್ರು?" ಎಂದಳು. ಎಲ್ಲರೂ ನಕ್ಕೆವು. ನಕ್ಕು ಮುಗಿಸುವ ಮಾತು ಅದಾಗಿರಲಿಲ್ಲ. ದರ್ಬಾರ್ ಹಾಲಿನಲ್ಲಿ ಒಲೆ ಇರುವುದಿಲ್ಲ, ಅದು ನಿಜ. ಆದರೆ ಒಲೆಯಿಲ್ಲದ ದರ್ಬಾರೂ ಇರುವುದಿಲ್ಲ. ಹಿಂದೆ ಎಲ್ಲಿಯೋ ಒಂದು ಅಡಿಗೆಮನೆ ಇತ್ತು, ಅಲ್ಲಿ ಹೊಗೆ ಕುಡಿದು ಕೆಮ್ಮುವ ಹೆಂಗಸರಿದ್ದರು, ನೀರು ಹೊತ್ತವರಿದ್ದರು, ಪಾತ್ರೆ ತಿಕ್ಕಿದವರಿದ್ದರು. ಮುಂಭಾಗ ಮಣಿಪಾಲಕ್ಕೆ ಬಂತು. ಹಿಂಭಾಗ ಬರಲಿಲ್ಲ.

ಅದು ಬರಲಿಲ್ಲವೆಂದರೆ ಯಾರದೋ ದುರುದ್ದೇಶವೆಂದು ಹೇಳಲಾರೆ. ಬಿಚ್ಚಿ ಒಯ್ಯುವ ವಿದ್ಯೆಯೇ ಹಾಗೆ ಆರಿಸುತ್ತದೆ. ಕಟ್ಟಿಗೆ ಬಿಚ್ಚಬಹುದು, ಕಲ್ಲನ್ನು ಎಣಿಸಿ ತರಬಹುದು. ಮಣ್ಣನ್ನು ಹೇಗೆ ತರುವುದು? ಮನೆಯಲ್ಲಿ ಕಟ್ಟಿಗೆ ಇರುವುದು ಎಲ್ಲಿ? ದೊಡ್ಡವರ ಮನೆಯಲ್ಲಿ, ಅದೂ ಗಂಡಸರು ಕುಳಿತು ಮಾತಾಡುವ ಪಡಸಾಲೆಯಲ್ಲಿ, ಕಚೇರಿಯ ಕೋಣೆಯಲ್ಲಿ. ಕೆತ್ತನೆಯ ಕಂಬವನ್ನು ಯಾರೂ ಹಿತ್ತಲ ಬಚ್ಚಲಿಗೆ ನಿಲ್ಲಿಸುವುದಿಲ್ಲ. ಹೆಂಗಸರು ಬಳಸುವ ಜಾಗವೆಲ್ಲ ಮಣ್ಣಿನದು. ಒಲೆ, ಕಟ್ಟೆ, ಸಾರಿಸಿದ ನೆಲ, ಗೋಡೆಯ ಗೂಡು, ಕಾಳಿನ ಹಗೇವು, ದನದ ಗೋದಲಿ, ಎಲ್ಲ ಮಣ್ಣೇ. ಇದನ್ನೆಲ್ಲ ಪ್ರತಿ ವರ್ಷ ಮತ್ತೆ ಮೆತ್ತಿ, ಸಾರಿಸಿ ಉಳಿಸಿದವಳು ಅವಳು. ಬಡಿಗನ ಕೆಲಸ ಒಮ್ಮೆ ಮಾಡಿದರೆ ಮುನ್ನೂರು ವರ್ಷ ನಿಲ್ಲುತ್ತದೆ. ಅವಳ ಕೆಲಸ ಒಂದು ಮಳೆಗಾಲ ಬಿಟ್ಟರೆ ಕಾಣದಂತೆ ಹೋಗುತ್ತದೆ. ನಿಲ್ಲುವಂಥದ್ದನ್ನಷ್ಟೇ ಕಲೆ ಎಂದರೆ ಅವಳಿಗೆ ಸಂಗ್ರಹಾಲಯದಲ್ಲಿ ಜಾಗವೇ ಇಲ್ಲ.

ಮನೆಗಳನ್ನು ಹೀಗೆ ತಂದು ಒಂದು ಬಯಲಿನಲ್ಲಿ ನಿಲ್ಲಿಸುವ ಪದ್ಧತಿ ಹೆಸರಾದದ್ದು ಸ್ವೀಡನ್ನಿನಲ್ಲಿ. ಆರ್ಟುರ್ ಹಜೇಲಿಯಸ್ ಎಂಬವರು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದರು. ಅವರು ರೈತರ ಮನೆಗಳನ್ನೂ ತಂದರು, ದನಕುರಿಗಳನ್ನೂ ಸಾಕಿದರು, ಕೆಲಸ ಮಾಡಿ ತೋರಿಸುವ ಜನರನ್ನೂ ಇಟ್ಟರು. ಮನೆ ಎಂದರೆ ಅಲ್ಲಿ ನಡೆಯುವ ಕೆಲಸ ಎಂಬುದು ಅವರಿಗೆ ಮೊದಲೇ ಹೊಳೆದಿತ್ತು.

ನಮ್ಮ ದೇಶದಲ್ಲಿ ಈ ತಿಳುವಳಿಕೆಗೆ ಹತ್ತಿರ ಬಂದದ್ದು ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ. ಅದರ ಕಟ್ಟಡಗಳ ಯೋಜನೆಯಲ್ಲಿ ಲಾರಿ ಬೇಕರ್ ಅವರ ಕೈ ಇತ್ತು. ದಕ್ಷಿಣದ ರಾಜ್ಯಗಳ ಮನೆಗಳು ಅಲ್ಲಿವೆ. ನಾನು ಗಮನಿಸಿದ್ದು ಅವುಗಳ ಹೆಸರುಗಳನ್ನು. ಕುಂಬಾರರ ಮನೆ, ಬೇಸಾಯಗಾರರ ಮನೆ, ವ್ಯಾಪಾರಿಗಳ ಮನೆ. ನಮ್ಮ ಕರ್ನಾಟಕದ ಭಾಗದಲ್ಲಿ ಇಳಕಲ್ಲಿನ ನೇಕಾರರ ಮನೆ. ಅರಮನೆಯ ಹೆಸರಲ್ಲ, ಮನೆತನದ ಹೆಸರಲ್ಲ, ದುಡಿಮೆಯ ಹೆಸರು.

ಇಳಕಲ್ ಸೀರೆ ಉಡದ ಹೆಂಗಸು ನಮ್ಮ ಕಡೆ ಇಲ್ಲ. ಸುರೇಬಾನದ ನೇಕಾರರ ಓಣಿಯಲ್ಲಿ ಅಡ್ಡಾಡಿದವರಿಗೆ ಮಗ್ಗದ ಮನೆ ಎಂದರೇನೆಂದು ಹೇಳಬೇಕಾಗಿಲ್ಲ. ಅಲ್ಲಿ ಮಗ್ಗದ ಕುಣಿ ಮೊದಲು, ಉಳಿದದ್ದೆಲ್ಲ ಆಮೇಲೆ. ಕುಣಿಗೆ ಬೆಳಕು ಬೀಳುವಂತೆ ಕಿಟಕಿ, ನೂಲಿಗೆ ತಂಪು ಇರುವಂತೆ ನೆಲ. ಗಂಡಸು ಕುಣಿಯಲ್ಲಿ ಕಾಲಿಟ್ಟು ಕೂತರೆ, ಹೆಂಗಸು ಪಕ್ಕದಲ್ಲಿ ಕಂಡಿಕಿ ಸುತ್ತುತ್ತ, ಒಂದು ಕಣ್ಣನ್ನು ಒಲೆಯ ಮೇಲೆ ಇಟ್ಟಿರುತ್ತಾಳೆ. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸುವ ಕೆಲಸಕ್ಕೆ ಅವಳ ಬೆರಳು ಬೇಕು. ಅಂಥ ಮನೆಯನ್ನು ಅದರ ದುಡಿಮೆಯ ಹೆಸರಿನಿಂದ ಸಾಗಿಸಿದಾಗ ಅವಳೂ ಸ್ವಲ್ಪ ಮಟ್ಟಿಗೆ ಅದರ ಜೊತೆ ಬರುತ್ತಾಳೆ. ಕೆತ್ತನೆ ಕೆಲಸದಲ್ಲಿ ದಕ್ಷಿಣಚಿತ್ರದ ಆ ಮನೆ ಮಣಿಪಾಲದ ಮಹಲುಗಳ ಸಮಕ್ಕೆ ನಿಲ್ಲದೆ ಇರಬಹುದು. ಸಾಗಿಸಿದ ರೀತಿಯಲ್ಲಿ ಅದು ಒಂದು ಹೆಜ್ಜೆ ಮುಂದಿದೆ ಎಂದೇ ನನ್ನ ಅಭಿಪ್ರಾಯ.

ಇಷ್ಟು ನೋಡಿದ ಮೇಲೆ ಕಿತ್ತೂರಿಗೆ ಹೋದರೆ ಕಣ್ಣು ಬೇರೆಯಾಗುತ್ತದೆ. ಅಲ್ಲಿಯ ಅರಮನೆ ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲಿಯೇ ಹಾಳಾಯಿತು. ಮೇಲೆ ಛಾವಣಿ ಇಲ್ಲ. ಸಂಗ್ರಹಾಲಯಕ್ಕೆ ಸಾಗಿಸಬಹುದಾದ ಭಾಗವೆಲ್ಲ ಕಾಲಕ್ಕೆ ಕರಗಿದೆ. ಉಳಿದದ್ದು ಏನು? ಅಡಿಗೆಮನೆಯ ಜಾಗ, ಊಟದ ಮನೆ, ಬಚ್ಚಲು, ನೀರು ಹರಿದ ದಾರಿಗಳು, ಬಾವಿ. ಮಣಿಪಾಲದಲ್ಲಿ ಯಾವುದು ಕಾಣಲಿಲ್ಲವೋ ಅದೇ ಇಲ್ಲಿ ಕಾಣುತ್ತದೆ. ಧ್ರುವ ನಕ್ಷತ್ರವನ್ನು ನೋಡಲು ಮಾಡಿದ ಕಿಂಡಿಯನ್ನು ಶಾಲೆಯ ಮಕ್ಕಳು ಇಂದಿಗೂ ಸಾಲಾಗಿ ನಿಂತು ಇಣುಕಿ ನೋಡುತ್ತಾರೆ. ಆ ಕಿಂಡಿಯನ್ನು ಕಿತ್ತು ಬೇರೆಡೆ ಇಟ್ಟರೆ ಅದೊಂದು ಬರಿಯ ತೂತು. ಆ ನೆಲದಲ್ಲಿ, ಆ ದಿಕ್ಕಿಗೆ ಇದ್ದರೆ ಮಾತ್ರ ಅದಕ್ಕೆ ಅರ್ಥ. ಮನೆಯಲ್ಲಿ ಇಂಥ ಎಷ್ಟೋ ಸಂಗತಿಗಳಿರುತ್ತವೆ. ಮೂಡಣದ ಬೆಳಕು ಒಲೆಯ ಮೇಲೆ ಬೀಳುವ ಕೋನ, ಪಡುವಣದ ಗಾಳಿಗೆ ಹೊಗೆ ಹೊರಗೆ ಹೋಗುವ ಕಿಂಡಿ, ನೆರೆಮನೆಯವಳ ಜೊತೆ ಮಾತಾಡಲು ಹಿತ್ತಲ ಗೋಡೆಯ ಎತ್ತರ. ನಕಾಶೆಯಲ್ಲಿ ಇವಕ್ಕೆ ಗುರುತು ಹಾಕುವವರಿಲ್ಲ.

ಆ ಅರಮನೆಯ ಒಡತಿಯನ್ನು ಮಾತ್ರ ಸಾಗಿಸಿದರು. 1824ರ ಡಿಸೆಂಬರಿನಲ್ಲಿ ಕೋಟೆ ಬಿದ್ದ ಮೇಲೆ ಚೆನ್ನಮ್ಮರಾಣಿಯನ್ನು ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇಟ್ಟರು. 1829ರ ಫೆಬ್ರುವರಿ 2ರಂದು ಅವಳು ಇಲ್ಲಿಯೇ ಕಣ್ಣು ಮುಚ್ಚಿದಳು. ಸಮಾಧಿಯೂ ಇಲ್ಲಿಯೇ ಇದೆ. ಅವಳ ಯುದ್ಧದ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ. ತನ್ನದಲ್ಲದ ಮನೆಯಲ್ಲಿ ಅವಳು ಕಳೆದ ನಾಲ್ಕು ವರ್ಷಗಳ ಬಗ್ಗೆ ಮಾತಾಡುವುದು ಕಡಿಮೆ. ಮನೆಯಿಂದ ಕಿತ್ತ ಹೆಂಗಸು ಹೇಗೆ ದಿನ ಕಳೆಯುತ್ತಾಳೆ ಎಂಬುದು ಇತಿಹಾಸದವರಿಗೆ ದೊಡ್ಡ ಸಂಗತಿಯಲ್ಲ. ಮುಂದೆ ಇಂಜಿನಿಯರುಗಳಿಗೂ ಅದು ದೊಡ್ಡ ಸಂಗತಿಯಾಗಲಿಲ್ಲ.

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಲ್ಲಿ 1970ರ ದಶಕದ ಆರಂಭದಲ್ಲಿ ನೀರು ನಿಂತಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಆ ಜಲಾಶಯಕ್ಕೆ ಎಲ್ಲಮ್ಮನ ಹೆಸರಿನಿಂದಲೇ ರೇಣುಕಾಸಾಗರ ಎನ್ನುತ್ತಾರೆ. ಹುಬ್ಬಳ್ಳಿ ಧಾರವಾಡದ ಅಕ್ಕತಂಗಿಯರು ನಳ ತಿರುವಿದಾಗ ಬರುವುದು ಈ ಜಲಾಶಯದ ನೀರು. ಆ ನೀರಿನ ಕೆಳಗೆ ಹೋದ ಊರುಗಳಲ್ಲಿ ನನ್ನ ತಾಯಿಯ ತವರೂ ಒಂದು. ತಾಯಿಯ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮನೆ ಕಿತ್ತು ಒಯ್ದ ಕಥೆಯನ್ನು ಅವಳ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕ ಇಟ್ಟಿಲ್ಲ.

ಅದು ನಮ್ಮ ಕಡೆಯ ಮಾಳಿಗೆ ಮನೆ. ಕಲ್ಲುಮಣ್ಣಿನ ದಪ್ಪ ಗೋಡೆ, ಕಂಬ, ತೊಲೆ, ಮೇಲೆ ಒತ್ತಾಗಿ ಜಂತಿ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಮಳೆ ನಿಲ್ಲದಂತೆ ಸವಳು ಮಣ್ಣು. ನಡುವೆ ಬೆಳಕಿಂಡಿ. ಮನೆಗೆ ಪರಿಹಾರದ ದುಡ್ಡು ಬಂದಿತ್ತು. ಆದರೆ ಆ ದುಡ್ಡಿನಲ್ಲಿ ಹೊಸ ಕಟ್ಟಿಗೆ ಕೊಳ್ಳುವಂತಿರಲಿಲ್ಲ. ಹಾಗಾಗಿ ಅಜ್ಜ ಬಡಿಗನನ್ನು ಕರೆದು ಮಾಳಿಗೆಯ ಮಣ್ಣು ಇಳಿಸಿ, ಜಂತಿ ಎಳೆಸಿ, ತೊಲೆಗಳಿಗೆ ಸುಣ್ಣದಿಂದ ಗೆರೆ ಎಳೆಸಿದ. ಮೊದಲ ತೊಲೆಗೆ ಒಂದು ಗೆರೆ, ಎರಡನೆಯದಕ್ಕೆ ಎರಡು. ಮಣಿಪಾಲದಲ್ಲಿ ಹಾಕಿಸಿದ ಗುರುತು ಇದೇ ಅಲ್ಲವೇ? ಎಲ್ಲವನ್ನೂ ಚಕ್ಕಡಿಗೆ ಹೇರಿ ದಿಬ್ಬದ ಮೇಲಿನ ಹೊಸ ಊರಿಗೆ ಸಾಗಿಸಿದರು.

ಗಂಡಸರ ಲೆಕ್ಕದಲ್ಲಿ ಅಲ್ಲಿಗೆ ಮನೆ ಸಾಗಿ ಮುಗಿಯಿತು. ಆಯಿಯ ಲೆಕ್ಕ ಆಗಷ್ಟೇ ಶುರುವಾಯಿತು. "ನಿಮ್ಮ ಕಂಬ ತೊಲಿ ಬಂದುವು, ನನ್ನ ಒಳ್ಳು ಎಲ್ಲಿ?" ಎಂದು ಕೇಳಿದಳಂತೆ. ಒಳ್ಳು ನೆಲದಲ್ಲಿ ಹುಗಿದ ಕಲ್ಲು. ಅದನ್ನು ಅಗೆದು ತರಲು ಮತ್ತೊಂದು ಚಕ್ಕಡಿ ಹೋಯಿತು. ಹಳೆಯ ಹೊಸ್ತಿಲನ್ನು ಅವಳು ತಾನೇ ನಿಂತು ತೆಗೆಸಿದಳು, ಚೌಕಟ್ಟಿನ ಜೊತೆ ಅದೂ ಬರಬೇಕೆಂದು. ಒಲೆಯನ್ನು ಒಡೆದು ಅದರ ಮಣ್ಣಿನಲ್ಲಿ ಒಂದು ಬುಟ್ಟಿ ತಂದು ಹೊಸ ಒಲೆಯ ಮಣ್ಣಿನಲ್ಲಿ ಕಲಸಿದಳು. ಹೊಸ ಮನೆಯಲ್ಲಿ ಅಡಿಗೆಮನೆಯನ್ನು ಹಿಂದಿನಂತೆ ದನದ ಮನೆಯ ಸಮೀಪ ಇಡಬೇಕೆಂದು ಜಗಳ ಕಾದು ಗೆದ್ದಳು. ಸಂಗ್ರಹಾಲಯದವರಿಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಒಂದು ಕೈಯಲ್ಲಿ ಹಿಂಡಿದ ಹಾಲಿನ ಗಡಿಗೆ, ಇನ್ನೊಂದು ಕೈಯಲ್ಲಿ ಮಗು ಹಿಡಿದು ದಿನಕ್ಕೆ ಹತ್ತು ಸಲ ಅಡ್ಡಾಡುವವಳಿಗೆ ಇಪ್ಪತ್ತು ಹೆಜ್ಜೆ ಕಡಿಮೆಯಾಗುವುದು ಸಣ್ಣದಲ್ಲ.

ಎಲ್ಲವನ್ನೂ ಅವಳೂ ತರಲಿಲ್ಲ. ಹಿತ್ತಲ ಹುಣಸೆಮರ ಬಂತೇ? ಬಾವಿ ಬಂತೇ? ಎದುರುಮನೆಯವರು ಬೇರೆ ಊರಿಗೆ ಹೋದರು. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ಹಳೆಯ ಊರಿನ ಕಲ್ಲುಗಳನ್ನು ನೋಡಲು ಹೋಗೋಣವೆಂದರೆ ಅವಳು ಬರುತ್ತಿರಲಿಲ್ಲ. ಆದರೂ ಹೊಸ ಮನೆಯನ್ನು ಅವಳು "ನಮ್ಮ ಮನಿ" ಎಂದೇ ಕರೆದಳು. ಮನೆ ಸಾಗಿಸುವ ಕಲೆಯಲ್ಲಿ ನಾನು ಕಂಡ ಒಳ್ಳೆಯ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ಈ ಹೆಸರಿಲ್ಲದ ಮನೆಯನ್ನೇ ತೋರಿಸುತ್ತೇನೆ. ಅಲ್ಲಿ ಕೆತ್ತನೆ ಇಲ್ಲ. ಅಲ್ಲಿ ಉಳಿಯಬೇಕಾದವಳೇ ಏನು ಸಾಗಬೇಕೆಂಬುದನ್ನು ಆರಿಸಿದ್ದಳು.

ಹೀಗೆ ಆರಿಸುವ ಹಕ್ಕು ಕೈತಪ್ಪಿದರೆ ಏನಾಗುತ್ತದೆಂಬುದನ್ನು 2009ರ ನೆರೆ ತೋರಿಸಿತು. ಆ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸುರಿದ ಮಳೆಗೆ ಉತ್ತರ ಕರ್ನಾಟಕದ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ಮಣ್ಣಿನ ಗೋಡೆಗಳು ನೆನೆದು ಕೂತವು. ಸರಕಾರ ಆಸರೆ ಎಂಬ ಯೋಜನೆ ಮಾಡಿತು. ದಾನಿಗಳು ಕೈಜೋಡಿಸಿದರು. ಎತ್ತರದ ಜಾಗದಲ್ಲಿ ಸಾಲಾಗಿ ಹೊಸ ಮನೆಗಳು ಎದ್ದವು. ಉದ್ದೇಶ ಒಳ್ಳೆಯದು, ಅವಸರವೂ ಇತ್ತು, ದುಡ್ಡೂ ಬಂತು. ಆದರೆ ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲಿಲ್ಲ. ಬಾಗಿಲಿಗೆ ಬೀಗ, ಅಂಗಳದಲ್ಲಿ ಜಾಲಿಕಂಟಿ. ಪತ್ರಿಕೆಗಳಲ್ಲಿ ಇದು ವರ್ಷ ವರ್ಷವೂ ಸುದ್ದಿಯಾಯಿತು. ಜನಕ್ಕೆ ಕೊಟ್ಟದ್ದರ ಬೆಲೆ ಗೊತ್ತಿಲ್ಲ ಎಂದು ಪಟ್ಟಣದಲ್ಲಿ ಕುಳಿತವರು ಹೇಳಿದ್ದನ್ನು ನಾನೂ ಕೇಳಿದ್ದೇನೆ.

ಅಂಥ ಒಂದು ಮನೆಯೊಳಗೆ ನಿಂತು ನೋಡಿದರೆ ಆ ಮಾತು ಬರುವುದಿಲ್ಲ. ಸಿಮೆಂಟಿನ ಪುಟ್ಟ ಮನೆ. ಎತ್ತು, ಎಮ್ಮೆ ಎಲ್ಲಿ ಕಟ್ಟಬೇಕು? ಜೋಳದ ಚೀಲ ಎಲ್ಲಿ ಒಟ್ಟಬೇಕು? ಸೌದೆ, ಕುಳ್ಳು ಎಲ್ಲಿ? ಬಾಣಂತಿಗೆ ಮೂಲೆ ಎಲ್ಲಿ? ಹೊಲ ಹಳೆಯ ಊರಿನ ಪಕ್ಕದಲ್ಲಿ ಉಳಿಯಿತು. ದನ ಅಲ್ಲಿಯೇ ಉಳಿದವು. ಬುತ್ತಿ ಹೊತ್ತು ದಿನಾಲು ಎರಡು ಊರಿನ ನಡುವೆ ಅಡ್ಡಾಡುವವಳು ಹೆಂಗಸು. ಮಣಿಪಾಲದಲ್ಲಿ ಜನರಿಲ್ಲದೆ ಮನೆ ಸಾಗಿ ಬಂದಿತ್ತು. ಇಲ್ಲಿ ಮನೆಯಿಲ್ಲದೆ ಜನರನ್ನು ಸಾಗಿಸಲು ಹೊರಟಿದ್ದರು. ಒಂದು ಕಡೆ ಸೌಂದರ್ಯ ಕಂಡಿತು, ಇನ್ನೊಂದು ಕಡೆ ಸುರಕ್ಷತೆ. ಎರಡು ಕಡೆಯೂ ಅಡಿಗೆಮನೆಯ ಹಿಂದಿನ ಬಾಗಿಲಿಂದ ಯಾರೂ ಒಳಗೆ ಬಂದಿರಲಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಳು. ರಾಮದುರ್ಗದ ಕಡೆಯ ಊರುಗಳು ಮತ್ತೆ ಮುಳುಗಿದವು. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ಕಂತಿನಲ್ಲಿ ಕೊಟ್ಟು, ನಿಮ್ಮ ಮನೆಯನ್ನು ನೀವೇ ಕಟ್ಟಿಕೊಳ್ಳಿರಿ ಎಂದರು. ಕಂತಿನ ತಾಪತ್ರಯಗಳು ಬೇರೆ. ಆದರೂ ಆ ಮಾತಿನಲ್ಲಿ ಒಂದು ಬುದ್ಧಿ ಇತ್ತು. ತನ್ನ ಮನೆ ತಾನು ಕಟ್ಟಿಸುವಾಗ ಹೆಂಗಸಿಗೆ ಜಗಳ ಕಾಯಲು ಅವಕಾಶವಿರುತ್ತದೆ. ದನದ ಮನೆ ಇಲ್ಲಿ ಇರಲಿ, ಬಚ್ಚಲು ಅಲ್ಲಿ ಇರಲಿ ಎನ್ನಬಹುದು. ಕಟ್ಟಿ ಮುಗಿದ ಮನೆಯ ಬೀಗದ ಕೈ ಕೊಟ್ಟರೆ ಜಗಳಕ್ಕೂ ಜಾಗವಿಲ್ಲ.

ಆದರೆ ಎಲ್ಲವನ್ನೂ ಕಾಪಾಡುವ ವಿದ್ಯೆ ನಮ್ಮಲ್ಲಿ ಇಲ್ಲ ಎಂದು ಹೇಳಲೂ ಆಗದು. ಈಜಿಪ್ತಿನಲ್ಲಿ ಅಸ್ವಾನ್ ಅಣೆಕಟ್ಟಿನ ನೀರು ಏರಿದಾಗ ಅಬು ಸಿಂಬೆಲಿನ ಗುಡಿಗಳನ್ನು 1964ರಿಂದ 1968ರವರೆಗೆ ಕಲ್ಲುಕಲ್ಲಾಗಿ ಕೊಯ್ದು ಎತ್ತರಕ್ಕೆ ಒಯ್ದರು. ನಮ್ಮ ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮಕ್ಕೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕಿತ್ತು ಒಯ್ಯಲಿಲ್ಲ. ಅದನ್ನು ಇದ್ದಲ್ಲಿಯೇ ಬಿಟ್ಟು ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ, ಮೆಟ್ಟಿಲಿಳಿದು ದರ್ಶನ ಮಾಡುವಂತೆ ಮಾಡಿದರು. ಅದು ಆಗಲೇಬೇಕಾದ ಕೆಲಸ. ಅಲ್ಲಿಗೆ ಹೋದಾಗ ಕೈಮುಗಿದು ಬಂದಿದ್ದೇನೆ. ಜಾಗವೇ ಮುಖ್ಯವೆಂದು ತಿಳಿದಾಗ ಇಂಜಿನಿಯರುಗಳು ಜಾಗವನ್ನು ಉಳಿಸಬಲ್ಲರು. ಹಾಗಾದರೆ ಒಬ್ಬ ಸಾಮಾನ್ಯ ಹೆಂಗಸಿನ ಅಡಿಗೆಮನೆಗೆ ಹದಿನೈದು ಅಡಿ ಹಿತ್ತಲು ಬೇಕು ಎಂಬುದನ್ನು ತಿಳಿಯುವುದು ಅಷ್ಟೊಂದು ಕಠಿಣವೇ?

ಇಷ್ಟೆಲ್ಲ ಹೊಳೆದಂಡೆಯವರ ಮಾತಾಯಿತು, ಪಟ್ಟಣದ ನಮಗೇನು ಎಂದು ಯಾರೂ ಪುಸ್ತಕ ಮುಚ್ಚಬೇಡಿ. ಪಟ್ಟಣದಲ್ಲಿ ನಮ್ಮ ಕಣ್ಣೆದುರೇ ಹಳೆಯ ಮನೆಗಳು ಬೀಳುತ್ತಿವೆ. ಅಣ್ಣತಮ್ಮಂದಿರ ಪಾಲಾಯಿತು, ರಸ್ತೆ ಅಗಲವಾಯಿತು, ಮಗ ಮೇಲಂತಸ್ತು ಕಟ್ಟಿಸುತ್ತಾನೆ. ಬಾಗಿಲ ಚೌಕಟ್ಟು ಕೊಳ್ಳುವವನು ಕೆಡಹುವ ದಿನವೇ ಬಂದು ನಿಲ್ಲುತ್ತಾನೆ. ಅವನಿಗೆ ಯಾವುದಕ್ಕೆ ಬೆಲೆ ಇದೆಯೆಂದು ಗೊತ್ತು. ನಮಗೂ ಗೊತ್ತಿರಬೇಕು.

ಕೆಡಹುವ ಮುಂಚೆ ಒಂದು ದಿನ ಮಾಡಿಕೊಂಡು, ಮಕ್ಕಳ ನೋಟುಬುಕ್ಕಿನಲ್ಲಾದರೂ ಮನೆಯ ನಕಾಶೆ ಬರೆದಿಡಿ. ಟೇಪು ಹಿಡಿದು ಅಡಿಗೆಮನೆ, ಬಚ್ಚಲು, ಹಿತ್ತಲು ಅಳೆಯಿರಿ. ಒಲೆ ಯಾವ ದಿಕ್ಕಿಗಿತ್ತು, ಬೆಳಕು ಎಲ್ಲಿಂದ ಬರುತ್ತಿತ್ತು, ಹಗೇವು ಎಲ್ಲಿತ್ತು, ಬಾಣಂತಿಯ ಕೋಣೆ ಯಾವುದು, ಮುಟ್ಟಾದವರು ಎಲ್ಲಿ ಕೂಡುತ್ತಿದ್ದರು, ಒಳ್ಳೆಯದನ್ನೂ ಕೆಟ್ಟದ್ದನ್ನೂ ಬರೆಯಿರಿ. ಮನೆಯ ಹಿರಿಯ ಹೆಂಗಸನ್ನು ಕೂಡಿಸಿ ಕೇಳಿ ಬರೆಯಿರಿ. ಯಾವುದು ಮತ್ತೆ ಬೇಕು, ಯಾವುದು ಬೇಡ ಎಂದು ಅವಳೇ ಹೇಳಲಿ. ಕತ್ತಲ ಅಡಿಗೆಮನೆ ಸಾಕಪ್ಪ ಸಾಕು ಎಂದರೆ ಅದನ್ನೂ ಬರೆಯಿರಿ. ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆ ನಕಾಶೆಯನ್ನು ಹೊಸ ಮನೆ ಕಟ್ಟುವ ಗುತ್ತಿಗೆದಾರನ ಕೈಗೆ ಮೊದಲ ದಿನವೇ ಕೊಡಿ. ಹೊಳೆದಂಡೆಯ ಊರುಗಳಲ್ಲಿ ನಿಮ್ಮ ಬಳಗದವರಿದ್ದರೆ, ಊರು ಏಳಿಸುವ ಮಾತು ಗ್ರಾಮಸಭೆಗೆ ಬಂದ ದಿನ ಅಲ್ಲಿಯ ಹೆಣ್ಣುಮಕ್ಕಳು ಇಂಥದೇ ನಕಾಶೆ ಹಿಡಿದು ಹೋಗಿ ಕೂಡಬೇಕೆಂದು ಹೇಳಿ ಕಳಿಸಿರಿ. ಮನೆ ಕಟ್ಟಿ ಮುಗಿದ ಮೇಲೆ ಕೇಳುವುದಕ್ಕಿಂತ ಸುಣ್ಣದ ಗೆರೆ ಎಳೆಯುವ ದಿನವೇ ಕೇಳುವುದು ಮೇಲು.